ಉತ್ಸವದ ಸಿದ್ಧತೆ: ಕೆಲವು ತಪ್ಪು ತಿಳಿವಳಿಕೆಗಳು

ಶ್ರಾವಣ ಮಾಸವು ಸಮೀಪಿಸಿತೆಂದರೆ ನಮ್ಮ ಮಠ ಮಂದಿರಗಳಲ್ಲಿ ಶ್ರೀರಾಘವೇಂದ್ರಸ್ವಾಮಿಗಳವರ ಆರಾಧನೆಯ ಮಾತು ಮೊದಲಾಗುತ್ತದೆ. ಕ್ರಿ.ಶ. 1671ರಲ್ಲಿ ಶ್ರೀಗಳವರು ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ಶ್ರಾವಣ ಬಹುಳ ದ್ವಿತೀಯೆಯನ್ನು ಮಧ್ಯದಲ್ಲಿಟ್ಟುಕೊಂಡು ಪೂರ್ವ, ಮಧ್ಯ, ಉತ್ತರ ಎಂದು ಮೂರು ದಿನ ಈ ಆರಾಧನೆ ನಡೆಯುತ್ತದೆ. ಇಂತಹ ಉತ್ಸವವನ್ನು ನಡೆಸುವ ಬಗೆಯಲ್ಲಿ ಆಸ್ತಿಕರಾದ ನಮ್ಮಲ್ಲಿಯೇ ಕೆಲವು ತಪ್ಪು ತಿಳಿವಳಿಕೆಗಳು ಬೇರೂರಿವೆ. ಅವುಗಳನ್ನು ವಿಮರ್ಶಿಸುವುದೇ ಈ ಲೇಖನದ ಉದ್ದೇಶ.

ಪರರ ತಪ್ಪನ್ನು ಹೇಳುವ ಮೊದಲು ನನ್ನದನ್ನು ಹೇಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಆರಾಧನೆಯಲ್ಲಿ ಉಗ್ರಾಣದ ಹೊಣೆ ನನ್ನ ಪಾಲಿಗೆ ಬಂದಿತ್ತು. ಸೇವಾ ರಸೀದಿಗಳನ್ನು ಎಣಿಸಿ, 300 ಎಲೆಗಳಿಗೆ ಸಾಕೆಂದು ಸಾಮಗ್ರಿ ಅಳೆದುಕೊಟ್ಟೆನು. ಮಧ್ಯಾರಾಧನೆಯು ಆ ವರ್ಷ ಗುರುವಾರ ಬಂದಿತ್ತು. ಮೂರನೆಯ ಪಂಕ್ತಿ ಕುಳಿತಾಗ ಹಯಗ್ರೀವ ಮುಗಿದಿತ್ತು, ತೊವ್ವೆ ಮುಗಿದಿತ್ತು. ಅನ್ನ ಸಾರು ಮಾತ್ರ ಉಳಿದಿದ್ದವು. ಆ ಪಂಕ್ತಿಯ ಕೊನೆಯ ಎಲೆಯಲ್ಲಿ ಕುಳಿತಿದ್ದವರು ನಸುಕಿನಲ್ಲಿ ಬಂದು ರಂಗವಲ್ಲಿ ಹಾಕಿ, ಬತ್ತಿ ಹೊಸೆದು, ಹೂ ಕಟ್ಟಿಕೊಟ್ಟ ವೃದ್ಧೆಯೊಬ್ಬರು. “ರಾಯರ ಪ್ರಸಾದ, ಇಷ್ಟೇ ಸಾಕಪ್ಪ” ಎಂದು ಅವರು ನಗುತ್ತ ಕೈತೊಳೆದರು. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅಂದು ಸಂಜೆ ಗೆಳೆಯರೊಬ್ಬರು, “ಎಲ್ಲವೂ ಹರಿಚಿತ್ತ, ನೀವೇಕೆ ಮರುಗುತ್ತೀರಿ?” ಎಂದು ಸಮಾಧಾನ ಹೇಳಿದರು. ನಾವು ತಿದ್ದಿಕೊಳ್ಳಬೇಕಾದ ಮೊದಲನೆಯ ತಪ್ಪು ತಿಳಿವಳಿಕೆ ಇದೇ. ಭಗವಂತನು ನಡೆಸುವನು, ಆದುದರಿಂದ ಯೋಜನೆಯು ಕೇವಲ ಲೌಕಿಕ ಎಂಬ ಮಾತು ಭಕ್ತಿಯಂತೆ ತೋರಿದರೂ ನಮ್ಮ ಸಿದ್ಧಾಂತಕ್ಕೆ ಒಪ್ಪುವಂಥದಲ್ಲ. ಜೀವನಿಗೆ ಕರ್ತೃತ್ವವುಂಟು; ಅದು ಶ್ರೀಹರಿಯ ಅಧೀನವಾದ ಕರ್ತೃತ್ವ. ಕರ್ತೃತ್ವವೇ ಇಲ್ಲವಾದರೆ ವಿಧಿ ನಿಷೇಧಗಳನ್ನು ಹೇಳುವ ಶಾಸ್ತ್ರವು ವ್ಯರ್ಥವಾಗುತ್ತದೆ. ಗೀತೆಯ ಹದಿನೆಂಟನೆಯ ಅಧ್ಯಾಯವು ಕರ್ಮಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಎಣಿಸುತ್ತದೆ. ದೈವದ ಹೆಸರು ಹೇಳಿ ಉಳಿದ ನಾಲ್ಕನ್ನು ಕೈಬಿಡುವುದಕ್ಕೆ ಅಲ್ಲಿ ಅವಕಾಶವಿಲ್ಲ. ಕಾರ್ಯ ಸುಗಮವಾಗಿ ನಡೆದಾಗ “ನಾನು ಮಾಡಿದೆ” ಎನ್ನದಿರುವುದು ಸಮರ್ಪಣೆ. ಕೆಟ್ಟಾಗ “ಅವನು ಕೆಡಿಸಿದ” ಎನ್ನುವುದು ಆಲಸ್ಯ.

ಎರಡನೆಯ ತಪ್ಪು, ದಿನ ಹತ್ತಿರವಾದ ಮೇಲೆ ಸಿದ್ಧತೆ ಆರಂಭಿಸಿದರಾಯಿತೆಂಬುದು. ಉಡುಪಿಯ ಪರ್ಯಾಯೋತ್ಸವವನ್ನು ನೋಡಿರಿ. ಸಮ ಸಂಖ್ಯೆಯ ವರ್ಷಗಳ ಜನವರಿ 18ರ ಪ್ರಾತಃಕಾಲದಲ್ಲಿ ಶ್ರೀಕೃಷ್ಣಪೂಜೆಯ ಅಧಿಕಾರವು ಒಂದು ಮಠದಿಂದ ಇನ್ನೊಂದಕ್ಕೆ ಸಲ್ಲುತ್ತದೆ. ಆದರೆ ಬಾಳೆ ಮುಹೂರ್ತವು ನಡೆಯುವುದು ಅದಕ್ಕೆ ಸುಮಾರು ಒಂದು ವರ್ಷ ಮೊದಲು. ಅನಂತರ ಕ್ರಮವಾಗಿ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತಗಳು ಬರುತ್ತವೆ. ಈ ಕ್ರಮದಲ್ಲಿ ಅಡಗಿರುವ ವಿವೇಕವನ್ನು ಗಮನಿಸಬೇಕು. ನೆಟ್ಟ ಬಾಳೆ ಗೊನೆ ಬಿಡಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಹಸಿಯ ಕಟ್ಟಿಗೆ ಒಲೆಯಲ್ಲಿ ಉರಿಯದು, ಒಣಗಲು ಕಾಲ ಬೇಕು. ಯಾವ ವಸ್ತುವು ಸಿದ್ಧವಾಗಲು ಎಷ್ಟು ಕಾಲ ಹಿಡಿಯುವುದೋ ಅಷ್ಟು ಮೊದಲೇ ಅದಕ್ಕೆ ಕೈಹಾಕಬೇಕೆಂಬ ಪಾಠವನ್ನು ನಮ್ಮ ಹಿರಿಯರು ಮುಹೂರ್ತವಾಗಿಯೇ ಕಟ್ಟಿಕೊಟ್ಟಿದ್ದಾರೆ. ಊರಿನ ಸಣ್ಣ ಆರಾಧನೆಗೂ ಇದು ಅನ್ವಯಿಸುತ್ತದೆ. ಅಡಿಗೆಯವರನ್ನೂ ಉಪನ್ಯಾಸಕರನ್ನೂ ತಿಂಗಳುಗಳ ಮೊದಲೇ ಗೊತ್ತುಮಾಡಬೇಕು. ಬಾಳೆಲೆ, ತರಕಾರಿ, ಹೂಗಳನ್ನು ಹಿಂದಿನ ದಿನ ತಂದರೂ ನಡೆದೀತು.

ಮೂರನೆಯ ತಪ್ಪು, ಒಮ್ಮೆ ಬರೆದ ಸಾಮಗ್ರಿಯ ಪಟ್ಟಿಯು ಎಲ್ಲ ಉತ್ಸವಗಳಿಗೂ ಸಲ್ಲುವುದೆಂಬುದು. ರಾಯರ ಆರಾಧನೆಯು ಚಾತುರ್ಮಾಸ್ಯದಲ್ಲಿ, ಅದರಲ್ಲಿಯೂ ದಧಿವ್ರತದ ಅವಧಿಯಲ್ಲಿ ಬರುತ್ತದೆ. ಆಗ ಮೊಸರು ವರ್ಜ್ಯ. ವೈಶಾಖದ ನರಸಿಂಹ ಜಯಂತಿಯ ಪಟ್ಟಿಯನ್ನೇ ಪ್ರತಿ ಮಾಡಿ ಅಂಗಡಿಗೆ ಕಳುಹಿಸಿದರೆ ಮೊಸರಿನ ಕೊಳಗಗಳು ಬಾಗಿಲಿಗೆ ಬಂದು ನಿಲ್ಲುತ್ತವೆ. ತಿಥಿಯ ವಿಷಯದಲ್ಲಿಯೂ ಎಚ್ಚರ ಬೇಕು. ಗೋಡೆಯ ಕ್ಯಾಲೆಂಡರನ್ನು ನೋಡಿ ಆಹ್ವಾನಪತ್ರಿಕೆ ಅಚ್ಚಿಗೆ ಕೊಡದೆ, ತಮ್ಮ ಮಠದ ಪಂಚಾಂಗದಲ್ಲಿ ನಿರ್ಣಯವನ್ನು ನೋಡಿಯೇ ದಿನವನ್ನು ಗೊತ್ತುಮಾಡಬೇಕು.

ನಾಲ್ಕನೆಯದು ನಾನೇ ಮಾಡಿದ ತಪ್ಪು: ರಸೀದಿಯ ಲೆಕ್ಕವೇ ಜನರ ಲೆಕ್ಕವೆಂದು ನಂಬುವುದು. ಒಂದು ರಸೀದಿ ಒಂದು ಮನೆ. ಒಂದು ಮನೆಯಿಂದ ಇಬ್ಬರು ಬಂದಾರು, ಅಜ್ಜಿ ಮೊಮ್ಮಕ್ಕಳೊಡನೆ ಎಂಟು ಜನರೂ ಬಂದಾರು. ಗುರುವಾರ ಅಥವಾ ಭಾನುವಾರ ಕೂಡಿಬಂದರೆ ರಸೀದಿಯೇ ಇಲ್ಲದವರೂ ದರ್ಶನಕ್ಕೆ ಬರುತ್ತಾರೆ. ಪ್ರಸಾದಕ್ಕೆ ಅವರೂ ಅಧಿಕಾರಿಗಳೇ. ಆದುದರಿಂದ ಹಿಂದಿನ ವರ್ಷ ಎದ್ದ ಎಲೆಗಳ ಸಂಖ್ಯೆಯನ್ನೂ ಈ ವರ್ಷದ ವಾರವನ್ನೂ ನೋಡಿ ಅಳತೆ ಮಾಡಬೇಕು. ಮೊದಲ ಪಂಕ್ತಿಗೆ ಬಡಿಸುವ ಮುನ್ನವೇ ಕೊನೆಯ ಪಂಕ್ತಿಯ ಭಾಗವನ್ನು ಬೇರೆ ಪಾತ್ರೆಯಲ್ಲಿ ತೆಗೆದಿರಿಸಬೇಕು. ಬೆಳಗಿನಿಂದ ದುಡಿದವರು ಊಟಕ್ಕೆ ಕೂಡುವುದು ಆ ಪಂಕ್ತಿಯಲ್ಲಿಯೇ ಎಂಬುದನ್ನು ಮರೆಯಬಾರದು.

ಐದನೆಯ ತಪ್ಪು, ಅಚ್ಚಾದ ಕಾರ್ಯಕ್ರಮಪಟ್ಟಿಯೇ ಯೋಜನೆ ಎಂಬುದು. ಪಂಚಾಮೃತಾಭಿಷೇಕ, ಅಲಂಕಾರ, ನೈವೇದ್ಯ, ಹಸ್ತೋದಕ, ಮಹಾಮಂಗಳಾರತಿ, ಬಳಿಕ ತೀರ್ಥಪ್ರಸಾದ ಎಂದು ಪತ್ರಿಕೆಯಲ್ಲಿ ಸುಲಭವಾಗಿ ಮುದ್ರಿಸಬಹುದು. ಆದರೆ ನೈವೇದ್ಯಕ್ಕೆ ಮೊದಲು ಪಾಕವು ಸಿದ್ಧವಾಗಿರಲೇಬೇಕು, ಹಸ್ತೋದಕವಾಗದೆ ಪಂಕ್ತಿ ಕೂಡುವಂತಿಲ್ಲ. ಒಂದು ತಡವಾದರೆ ಅದರ ಮುಂದಿನವೆಲ್ಲವೂ ತಡ. ಹೀಗಾಗಿ ಊಟದ ಗಳಿಗೆಯಿಂದ ಹಿಂದಕ್ಕೆ ಎಣಿಸುತ್ತ, ಒಲೆ ಹೊತ್ತಿಸುವುದೆಂದು, ಮಡಿನೀರು ತುಂಬುವುದೆಂದು, ಉಪನ್ಯಾಸ ಮುಗಿಯುವುದೆಂದು ಎಂದು ನಿರ್ಧರಿಸಬೇಕು. ಒಂದೊಂದಕ್ಕೂ ಒಬ್ಬೊಬ್ಬರ ಹೆಸರನ್ನು ಬರೆಯಬೇಕು. “ಎಲ್ಲರೂ ಸೇರಿ ನೋಡಿಕೊಳ್ಳೋಣ” ಎಂದ ಕೆಲಸವನ್ನು ಕೊನೆಗೆ ಯಾರೂ ನೋಡಿರುವುದಿಲ್ಲ.

ಕೊನೆಯದು, ಮಂಗಳಾರತಿಯೊಂದಿಗೆ ಉತ್ಸವ ಮುಗಿಯಿತೆಂಬ ಭಾವನೆ. ಪೂರ್ವದಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಪರ್ಯಾಯವನ್ನು ಶ್ರೀವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಎಂಟು ಮಠಗಳ ಸುತ್ತು ಮುಗಿಯಲು ಈಗ 16 ವರ್ಷಗಳು ಬೇಕು. 2008ರಲ್ಲಿ ಪರ್ಯಾಯ ಪೀಠವನ್ನೇರಿದ ಪುತ್ತಿಗೆ ಮಠಕ್ಕೆ ಮತ್ತೆ ಸರದಿ ಬಂದುದು 2024ರಲ್ಲಿ. ಅಷ್ಟು ದೀರ್ಘ ಅಂತರದಲ್ಲಿ ಕೆಲಸ ಬಲ್ಲ ಎಷ್ಟು ಕೈಗಳು ಬದಲಾಗಿರುತ್ತವೆ! ನಮ್ಮ ಆರಾಧನೆಗೆ ಅಂತರವು ಒಂದೇ ವರ್ಷ, ಆದರೂ ಮರೆಯುತ್ತೇವೆ. ಉತ್ತರಾರಾಧನೆಯ ಮರುದಿನ ಪಾತ್ರೆಗಳನ್ನು ಎಣಿಸಿ, ಸಾಲವನ್ನು ತೀರಿಸಿ, ಎಷ್ಟು ಎಲೆಗಳೆದ್ದವು, ಏನು ಉಳಿಯಿತು, ಏನು ಸಾಲದಾಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ವರ್ಷದ ಸಿದ್ಧತೆಯು ಆ ಪುಟದಿಂದಲೇ ಆರಂಭವಾಗುತ್ತದೆ.

ನಾನು ಮರುವರ್ಷ ಅಂತಹ ಒಂದು ಪುಸ್ತಕವನ್ನು ತೆರೆದೆನು. ಅದರ ಮೊದಲ ಪುಟದಲ್ಲಿ ಬರೆದದ್ದು ಎರಡೇ ಸಾಲು: “300 ಎಲೆ ಸಾಲದು. ಕೊನೆಯ ಪಂಕ್ತಿಯ ಹಯಗ್ರೀವವನ್ನು ಮೊದಲೇ ತೆಗೆದಿಡುವುದು.” ಆ ವರ್ಷ ಆ ತಾಯಿಯವರ ಎಲೆಗೆ ಹಯಗ್ರೀವವನ್ನು ನಾನೇ ಬಡಿಸಿದೆನು. ಅನ್ನದ ಅಳತೆ, ನೀರಿನ ಹಂಡೆ, ಗಡಿಯಾರದ ಮುಳ್ಳು ಇವೆಲ್ಲವೂ ಪೂಜೆಯ ಅಂಗಗಳೇ ಎಂದು ತಿಳಿದು ನಾವು ಈ ವರ್ಷದ ಸೇವೆಗೆ ಸಿದ್ಧರಾಗೋಣ.

|| ಶ್ರೀಕೃಷ್ಣಾರ್ಪಣಮಸ್ತು ||