ಶಬ್ದಪಾಠ: ‘ಮುಟ್ಟುಗೋಲು ಹಾಕು’

ಸೊತ್ತು ಕೈಬಿಟ್ಟುಹೋಗುವದನ್ನು ತಿಳಿಸುವ ಮಾತುಗಳಲ್ಲಿ ಭೇದವುಂಟು. ಸಂತೆಯಲ್ಲಿ ಬಿದ್ದ ಹಣವು ಕಳೆದುಹೋಯಿತು. ಕಳ್ಳನು ಒಯ್ದ ಎತ್ತು ಕಳವಾಯಿತು. ಸಾಲದ ದಾವೆಯಲ್ಲಿ ನ್ಯಾಯಾಲಯವು ಹೊಲವನ್ನು ಜಪ್ತಿಮಾಡಿದರೂ, ಹರಾಜಾಗುವ ತನಕ ಒಡೆತನವು ಸಾಲಗಾರನದೇ. ಹಣ ಸಲ್ಲಿಸಿ ಬಿಡಿಸಿಕೊಳ್ಳಬಹುದು. ಮುಟ್ಟುಗೋಲಾದರೋ ಹಕ್ಕೇ ಸರಕಾರಕ್ಕೆ ಸೇರುವದು.

1879ರ ಮುಂಬಯಿ ಭೂಕಂದಾಯ ಕಾಯಿದೆಯು, ಕಂದಾಯ ಬಾಕಿಯಾದ ಭೂಮಿಯನ್ನು ಹೀಗೆ ತೆಗೆದುಕೊಳ್ಳುವ ಅಧಿಕಾರವನ್ನು ಕಲೆಕ್ಟರನಿಗೆ ಕೊಟ್ಟಿತ್ತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಅಂಕೋಲಾ, ಸಿದ್ದಾಪುರ ಸೀಮೆಗಳ ರೈತರ ಭೂಮಿಗಳು 1930ರ ನಂತರದ ಕರನಿರಾಕರಣೆಯಲ್ಲಿ ಹಾಗೆಯೇ ಹೋದವು. ಇಂಥ ಭೂಮಿಗಳನ್ನು ಹಿಂದಿರುಗಿಸಲು 1938ರಲ್ಲಿ ಬೇರೊಂದು ಕಾಯಿದೆಯೇ ಬೇಕಾಯಿತು.

ಆದಕಾರಣ ಸಾಹುಕಾರನು ‘ಮುಟ್ಟುಗೋಲು ಹಾಕುವೆನು’ ಎಂದು ಬೆದರಿಸಿದರೆ ಅಂಜಬೇಡಿರಿ. ಆ ಕ್ರಿಯಾಪದಕ್ಕೆ ಕರ್ತೃವಾಗುವ ಅಧಿಕಾರವು ಅವನಿಗಿಲ್ಲ. ಸರಕಾರದ ನೋಟೀಸಿನಲ್ಲಿ ಆ ಮಾತು ಕಂಡರೆ ಮಾತ್ರ ತಡಮಾಡದೆ ಬಲ್ಲವರಿಂದ ಓದಿಸಿಕೊಳ್ಳಿರಿ.