ಎಲೆಯ ಎಡಭಾಗ

ಆಸ್ಪತ್ರೆಯಿಂದ ಮನೆಗೆ ಬಂದ ನಾಲ್ಕನೇ ದಿನ ಅಕ್ಕ ಬಾಳೆಲೆ ಹಾಕಿ ಬಡಿಸಿದಳು. ಎರಡು ತುತ್ತು ಉಂಡು, "ಉಪ್ಪು, ಉಪ್ಪಿನಕಾಯಿ ಏನೂ ಹಾಕಲೇ ಇಲ್ವಲ್ಲೇ" ಎಂದೆ. ಅಕ್ಕ ಮಾತಾಡದೆ ಎಲೆಯನ್ನು ಅರ್ಧ ಸುತ್ತು ತಿರುಗಿಸಿದಳು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಚಟ್ನಿ ಎಲ್ಲ ಇದ್ದವು. ಅವನ್ನು ಎಡತುದಿಗೆ ಬಡಿಸುವುದು ನಮ್ಮ ಪದ್ಧತಿ. ಆ ಎಡವೇ ನನ್ನ ಪಾಲಿಗೆ ಇಲ್ಲವಾಗಿತ್ತು.

ಮೆದುಳಿನ ಬಲಭಾಗದ ರಕ್ತನಾಳ ಕಟ್ಟಿಕೊಂಡು ನನಗೆ ಲಕ್ವ ಹೊಡೆದಿತ್ತು. ಎಡಗೈ, ಎಡಗಾಲು ಸೋತದ್ದು ಎಲ್ಲರಿಗೂ ಕಾಣುತ್ತಿತ್ತು. ಎಡಗಡೆಯ ಲೋಕದತ್ತ ಗಮನವೇ ಹರಿಯುತ್ತಿಲ್ಲ ಎಂಬುದು ಮಾತ್ರ ನನಗೂ ತಿಳಿದಿರಲಿಲ್ಲ. ಕಣ್ಣಿನಲ್ಲಿ ದೋಷವಿರಲಿಲ್ಲ. ಆ ಕಡೆ ನೋಡುವುದಕ್ಕೆ ಏನೋ ಇದೆ ಅಂತ ಮನಸ್ಸಿಗೆ ಹೊಳೆಯುತ್ತಿರಲಿಲ್ಲ, ಅಷ್ಟೆ.

ಆಸ್ಪತ್ರೆಯ ಮೂರು ವಾರಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಫ್ಯಾನು. ದಿನಕ್ಕೆ ಮುಕ್ಕಾಲು ಗಂಟೆ ಫಿಸಿಯೋಥೆರಪಿ. ಮಿಕ್ಕ ಹೊತ್ತೆಲ್ಲ ಮಂಚ. ಎಡಕ್ಕೆ ಗೋಡೆ. ನನಗೆ ಅನುಕೂಲವಾಗಲಿ ಎಂದೇ ನೀರು, ಔಷಧಿ, ಫೋನು ಎಲ್ಲವನ್ನೂ ಬಲಕ್ಕೆ ಇಟ್ಟಿದ್ದರು. ನೋಡಲು ಬಂದವರೂ ಬಲಗಡೆಯೇ ಕೂರುತ್ತಿದ್ದರು. ತಲೆ ಬಾಚುವವರು ಒಬ್ಬರು, ತುತ್ತಿಡುವವರು ಒಬ್ಬರು. ಕೈ ಚಾಚಿದರೆ "ನೀನು ಸುಮ್ಮನೆ ಮಲಗು, ಆಯಾಸ ಆಗತ್ತೆ" ಎನ್ನುತ್ತಿದ್ದರು. ಟಿ.ವಿ. ಹಗಲೆಲ್ಲ ಓಡುತ್ತಿತ್ತು, ಯಾರು ಹಾಕಿದ್ದೋ ಯಾರಿಗಾಗಿಯೋ.

ಮನೆಗೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಮೆಲ್ಬರ್ನಿನ ಒಂದು ಅಧ್ಯಯನದ ವಿಷಯ ಹೇಳಿದಳು. 2004ರಲ್ಲಿ ಪ್ರಕಟವಾದದ್ದು. ಅಲ್ಲಿನ ಐದು ಸ್ಟ್ರೋಕ್ ವಾರ್ಡುಗಳಲ್ಲಿ 58 ರೋಗಿಗಳನ್ನು ಗಮನಿಸಿದಾಗ, ಹಗಲಿನ ಅರ್ಧಕ್ಕಿಂತ ಹೆಚ್ಚು ಹೊತ್ತು ಅವರು ಹಾಸಿಗೆಯಲ್ಲೇ ಇದ್ದರು. ನೂರಕ್ಕೆ ಅರವತ್ತರಷ್ಟು ಹೊತ್ತು ಒಬ್ಬರೇ ಇದ್ದರು. ಕೇಳಿ ಸಂಕಟವಾಯಿತು. ನಾನು ಒಂದು ಗಳಿಗೆಯೂ ಒಬ್ಬಳೇ ಇರಲಿಲ್ಲ. ಆದರೂ ನಮ್ಮ ಸ್ಥಿತಿ ಒಂದೇ ಆಗಿತ್ತು. ಅವರಿಗೆ ಜನ ಇರಲಿಲ್ಲ, ನನಗೆ ಕೆಲಸ ಇರಲಿಲ್ಲ.

ಆ ಹುಡುಗಿ ಮೊದಲ ದಿನವೇ ಕೇಳಿದ್ದು, "ಹುಷಾರಿದ್ದಾಗ ಬೆಳಗಿಂದ ಸಂಜೆವರೆಗೆ ಏನೇನು ಮಾಡ್ತಿದ್ರಿ?" ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ನಾನು ಅತ್ತುಬಿಟ್ಟೆ.

ಮರುದಿನ ನನ್ನ ಕುರ್ಚಿ ಜಗಲಿಗೆ ಬಂತು, ರಸ್ತೆ ಎಡಗಡೆಗೆ ಬರುವ ಹಾಗೆ. ಹಾಲಿನವನ ಗಂಟೆ, ಶಾಲೆಗೆ ಹೋಗುವ ಮಕ್ಕಳ ಗಲಾಟೆ, ಎಂಟೂವರೆಯ ಬಸ್ಸು ಎಲ್ಲವೂ ಆ ಕಡೆಯಿಂದಲೇ. ಯಾರಾದರೂ ಕರೆದರೆ ಕತ್ತು ತಿರುಗಿಸಲೇಬೇಕು. ಅಟ್ಟದ ಮೇಲಿದ್ದ ಚೆನ್ನೆಮಣೆಯೂ ಕೆಳಗಿಳಿಯಿತು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಹುಣಸೆ ಬೀಜ. ಅಕ್ಕನ ಮೊಮ್ಮಗಳು ಎದುರಾಳಿ. ಮೊದಲ ಆಟದಲ್ಲಿ ಎಡತುದಿಯ ಎರಡು ಗುಳಿಗಳನ್ನು ನಾನು ಮುಟ್ಟಲೇ ಇಲ್ಲ. "ಅಜ್ಜಿ, ಮೋಸ!" ಎಂದು ಕೂಗಿದಳು. "ಎಡಕ್ಕೆ ನೋಡಿ, ಎಡಕ್ಕೆ ನೋಡಿ" ಎಂದು ಮೂರು ವಾರ ಕೇಳಿದ್ದೆ. ಆ ಮಾತಿಗಾಗದ್ದು ಮಗುವಿನ ಕೂಗಿಗೆ ಆಯಿತು. ಯಾಕೆಂದರೆ ಆ ಗುಳಿಗಳಲ್ಲಿ ನನಗೆ ಬೇಕಾದ ಬೀಜಗಳಿದ್ದವು. ಸುತ್ತು ಹಾಕುವ ಆಟದಲ್ಲಿ ಎಡವನ್ನು ಬಿಟ್ಟು ಗೆಲ್ಲುವ ದಾರಿಯೇ ಇಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞ ಡೊನಾಲ್ಡ್ ಹೆಬ್ ಪ್ರಯೋಗಶಾಲೆಯ ಇಲಿಗಳನ್ನು ಮನೆಯಲ್ಲಿ ಸಾಕಿದರಂತೆ. ಮನೆಯಲ್ಲಿ ಓಡಾಡಿಕೊಂಡು ಬೆಳೆದ ಇಲಿಗಳು ಪಂಜರದವಕ್ಕಿಂತ ಚುರುಕಾಗಿ ದಾರಿ ಹುಡುಕಿದವೆಂದು 1947ರಲ್ಲೇ ವರದಿ ಮಾಡಿದರು. ಇಲಿಗೂ ಮನುಷ್ಯರಿಗೂ ದೂರ ಬಹಳ. ಆದರೂ ಜಗಲಿಯಲ್ಲಿ ಕೂತಾಗಲೆಲ್ಲ ನನಗೆ ಆ ಪಂಜರ ನೆನಪಾಗುತ್ತದೆ. ನನ್ನ ಪಕ್ಕದ ಮಂಚದಲ್ಲಿ ಫ್ಯಾನು ನೋಡುತ್ತ ಮಲಗಿರುತ್ತಿದ್ದ ಹೆಂಗಸಿನ ಮುಖವೂ.

ಹಾಗೆಂದು ಗದ್ದಲವೇ ಮದ್ದಲ್ಲ. ದೀಪಾವಳಿಗೆ ಹನ್ನೆರಡು ಜನ ನೆಂಟರು ಬಂದು ಒಟ್ಟಿಗೆ ಮಾತಾಡತೊಡಗಿದಾಗ ತಲೆ ಒಡೆದುಹೋಗುವಂತಾಯಿತು. ಎರಡು ದಿನ ಏಳಲಾಗಲಿಲ್ಲ. ಲಕ್ವದ ನಂತರದ ದಣಿವು ಸೋಮಾರಿತನವಲ್ಲ. ಮಲಗಿ ಎದ್ದರೂ ಅದು ಹೋಗುವುದಿಲ್ಲ. ಆಟ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವ ಅಧಿಕಾರ ರೋಗಿಯ ಕೈಯಲ್ಲೇ ಇರಬೇಕು. ಮನೆಯವರಿಗೆ ಇದನ್ನು ಒಪ್ಪಿಸಲು ನಾನು ಜಗಳವನ್ನೇ ಆಡಬೇಕಾಯಿತು.

ಎಡಗೈ ಪೂರ್ತಿ ಬಂದಿಲ್ಲ. ಹುಣಸೆ ಬೀಜವನ್ನು ಹೆಬ್ಬೆರಳು, ತೋರುಬೆರಳಿನಲ್ಲಿ ಹಿಡಿಯುತ್ತೇನೆ. ಮೂರರಲ್ಲಿ ಒಂದು ಜಾರುತ್ತದೆ. ಅಕ್ಕ ಈಗ ಎಲೆ ತಿರುಗಿಸುವುದಿಲ್ಲ. ಉಪ್ಪು ಎಲ್ಲಿ ಎಂದು ಕೇಳಿದರೂ ಉತ್ತರ ಕೊಡುವುದಿಲ್ಲ. ಸೌಟು ಹಿಡಿದುಕೊಂಡು, ನಾನು ಹುಡುಕುವವರೆಗೆ ನಿಂತಿರುತ್ತಾಳೆ.