ಹೂಡಿನಿಯ ಹದಿಹರೆಯ ಮತ್ತು ರಂಗದ ಶೋಧ

ಹ್ಯಾರಿ ಹೂಡಿನಿಯ ಕೀರ್ತಿಯನ್ನು ಕೇಳದವರು ವಿರಳ. ಆದರೆ ಆ ಐಂದ್ರಜಾಲಿಕನಿಗೆ ಹದಿನೇಳರ ಪ್ರಾಯದಲ್ಲಿ ವಿದ್ಯೆಗಿಂತಲೂ ಅದನ್ನು ತೋರಿಸುವ ಸ್ಥಳವೇ ದುರ್ಲಭವಾಗಿದ್ದಿತು.

1874ರಲ್ಲಿ ಬುಡಾಪೆಸ್ಟಿನ ಯಹೂದಿ ಧರ್ಮಗುರುವೊಬ್ಬರ ಮನೆಯಲ್ಲಿ ಜನಿಸಿದ ಎರಿಕ್ ವೈಸ್, ಬಾಲ್ಯದಲ್ಲಿಯೇ ಅಮೆರಿಕೆಗೆ ಬಂದನು. ನ್ಯೂಯಾರ್ಕಿನಲ್ಲಿ ನೆಕ್‌ಟೈ ಕಾರ್ಖಾನೆಯ ಕೂಲಿ. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೂಡಿನನ ಆತ್ಮಕಥೆಯನ್ನೋದಿ, ಆ ಹೆಸರಿಗೆ ಇಕಾರವನ್ನು ಸೇರಿಸಿ ತನ್ನದಾಗಿಸಿಕೊಂಡನು. 1891ರಲ್ಲಿ ಕೂಲಿ ಬಿಟ್ಟು ಜಾದೂವಿಗಿಳಿದನು. ಮರುವರ್ಷವೇ ತಂದೆ ತೀರಿಕೊಂಡರು. ತಾಯಿಯ ಪೋಷಣೆಯ ಹೊಣೆ ಹೆಗಲೇರಿತು.

ದೊಡ್ಡ ನಾಟಕಶಾಲೆಗಳು ಹುಡುಗನನ್ನು ಒಳಗೆ ಬಿಡಲಿಲ್ಲ. ಬಿಟ್ಟುಕೊಂಡವು ಹತ್ತು ಸೆಂಟು ಪ್ರವೇಶದ ವಿಚಿತ್ರ ಪ್ರದರ್ಶನಶಾಲೆಗಳು. ನಮ್ಮ ಜಾತ್ರೆಯ ಡೇರೆಗಳನ್ನು ಕಂಡವರಿಗೆ ಅವುಗಳ ಸ್ವರೂಪ ಸುಲಭವಾಗಿ ತಿಳಿದೀತು. ಅಲ್ಲಿ ಒಂದೇ ಆಟವನ್ನು ದಿನಕ್ಕೆ ಇಪ್ಪತ್ತು ಬಾರಿಯವರೆಗೂ ಆಡಬೇಕಾಗುತ್ತಿತ್ತು. ಬೇಸತ್ತ ಪ್ರೇಕ್ಷಕ ಎದ್ದು ಮುಂದಿನ ಕೋಣೆಗೆ ನಡೆದುಬಿಡುತ್ತಿದ್ದನು. ಇದಕ್ಕಿಂತ ನಿಷ್ಠುರನಾದ ಪರೀಕ್ಷಕ ಯಾವ ಶಾಲೆಯಲ್ಲಿದ್ದಾನು? 1893ರ ಷಿಕಾಗೊ ಮಹಾಪ್ರದರ್ಶನದ ಕಾಲದಲ್ಲಿ ತಮ್ಮ ಥಿಯೊನೊಡನೆ ಅಲ್ಲಿಗೂ ಹೋಗಿ ಆಡಿದನು.

ಇಸ್ಪೀಟಿನ ಕೈಚಳಕದಲ್ಲಿ ತಾನೇ ರಾಜನೆಂದು ಅವನು ಸಾರಿಕೊಂಡದ್ದುಂಟು. ಅಂತಹ ರಾಜರು ಊರಿಗೊಬ್ಬರಿದ್ದರು! ಜನ ನಿಂತು ನೋಡಿದ್ದು ಪೆಟ್ಟಿಗೆಯ ಆಟವನ್ನು. ಕೈಕಟ್ಟಿ, ಚೀಲದಲ್ಲಿ ತುಂಬಿ, ಪೆಟ್ಟಿಗೆಯಲ್ಲಿಟ್ಟು ಬೀಗ ಜಡಿದವನು ಕ್ಷಣಾರ್ಧದಲ್ಲಿ ಹೊರಗೆ, ಹೊರಗಿದ್ದವನು ಒಳಗೆ. 1894ರಲ್ಲಿ ವಿವಾಹವಾದ ಮೇಲೆ ಪತ್ನಿ ಬೆಸ್ ತಮ್ಮನ ಸ್ಥಾನಕ್ಕೆ ಬಂದಳು.

1899ರಲ್ಲಿ ರಂಗಮಂದಿರಗಳ ವ್ಯವಸ್ಥಾಪಕ ಮಾರ್ಟಿನ್ ಬೆಕ್ ಅವನ ಆಟವನ್ನು ಕಂಡು, ಸಣ್ಣಪುಟ್ಟ ಜಾದೂವನ್ನು ಬಿಟ್ಟು ಬೇಡಿ ಮತ್ತು ಪೆಟ್ಟಿಗೆಗಳ ಆಟವನ್ನೇ ಹಿಡಿಯುವಂತೆ ಹೇಳಿದನು. ದೊಡ್ಡ ರಂಗದ ಬಾಗಿಲು ಆಗ ತೆರೆಯಿತು. ಹೂಡಿನಿಗೆ ಅಷ್ಟರಲ್ಲಿ 25 ತುಂಬಿತ್ತು.